ಪಾಸ್‌ವರ್ಡು ಸರಿ ಇತ್ತು

ಹೋದ ತುಲಾ ತಿಂಗಳಲ್ಲಿ ನಮ್ಮ ವಾಚನಾಲಯದ ಕಂಪ್ಯೂಟರು ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತಿತ್ತು. ಆ ನಾಲ್ಕು ದಿನವೂ ನನಗೆ ಊಟ ಸರಿಯಾಗಿ ಸೇರಲಿಲ್ಲ. ಏಳನೇ ಕ್ಲಾಸು ಓದಿದ ಕೃಷಿಕನಿಗೂ ಕಂಪ್ಯೂಟರಿಗೂ ಎಂತ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಉಂಟು. ಅದರ ಒಳಗೆ ನನ್ನ ಅಕ್ಕನ 43 ಹಾಡು ಇತ್ತು. ಅಕ್ಕ ಈಗ ಇಲ್ಲ.

ಅಕ್ಕ ಶೋಭಾನೆ ಹೇಳುವವಳು. ಮದುವೆ, ಸೀಮಂತ ಎಲ್ಲಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಗದ್ದೆಯಲ್ಲಿ ನೇಜಿ ನೆಡುವಾಗ ತುಳು ಪಾಡ್ದನ, ಚಪ್ಪರದಲ್ಲಿ ಕನ್ನಡ ಶೋಭಾನೆ, ಎರಡೂ ಅವಳ ಬಾಯಲ್ಲಿ ಇತ್ತು. ನಾನು ಕಲಿತದ್ದೂ ಅವಳ ಹಿಂದೆ ನಿಂತು ಸೊಲ್ಲು ಎತ್ತಿಕೊಂಡೇ. ಬರೆದು ಇಟ್ಟದ್ದು ಯಾವುದೂ ಇಲ್ಲ. ಅವಳಿಗೆ ಉಸಿರಾಟದ ತೊಂದರೆ ಶುರುವಾದ ಮೇಲೆ ನಾನೇ ಹಟ ಹಿಡಿದು, ಒಂದು ಬೇಸಿಗೆಯಲ್ಲಿ ಹನ್ನೊಂದು ಸಂಜೆ ಅವಳನ್ನು ವಾಚನಾಲಯಕ್ಕೆ ಕರೆದುಕೊಂಡು ಬಂದೆ. ಕಿಟಕಿಗೆ ಚಾಪೆ ಕಟ್ಟಿ, ಫ್ಯಾನು ನಿಲ್ಲಿಸಿ, ಬೆವರು ಒರೆಸುತ್ತ ಕೂತು ಅವಳು ಹಾಡಿದಳು. ಮೈಕಿನ ವಯರು ಕಂಪ್ಯೂಟರಿಗೆ, ಕಂಪ್ಯೂಟರಿನ ಕಡತ ನನ್ನ ಲೆಕ್ಕಕ್ಕೆ. ವೇವ್ ಅನ್ನುವ ಕಡತದಲ್ಲಿ ಸ್ವರ ಏನೂ ಕಳೆಯದೆ ಉಳಿಯುತ್ತದೆ, ಆದರೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ಆರು ನಿಮಿಷದ ಒಂದು ಹಾಡಿಗೆ 60 ಎಂಬಿ. ಹಾಗಾಗಿ ನನ್ನ ಫೋನಿಗೆ ಹಾಕಲಿಲ್ಲ. ಪೆನ್‌ಡ್ರೈವಿಗೆ ನಾಳೆ ಹಾಕುವ, ನಾಡಿದ್ದು ಹಾಕುವ ಅಂತ ದಿನ ಹೋಯಿತು. ಮರುವರ್ಷ ಆಟಿಯಲ್ಲಿ ಅಕ್ಕ ಹೋದಳು. ಅಷ್ಟಾದ ಮೇಲೂ ನಾನು ಇನ್ನೊಂದು ನಕಲು ಮಾಡಿ ಇಡಲಿಲ್ಲ. ಇದು ನನ್ನದೇ ತಪ್ಪು, ಇದನ್ನು ಮೊದಲು ಒಪ್ಪಿಕೊಂಡು ಮುಂದೆ ಬರೆಯುತ್ತೇನೆ.

ನಮ್ಮ ಕಂಪ್ಯೂಟರು ಹಳತು. ಅದರಲ್ಲಿ ಇರುವುದು ಲಿನಕ್ಸ್. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಕಲಿಯುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಹುಡುಗ 1991ರಲ್ಲಿ ಶುರು ಮಾಡಿದ್ದು ಅದು. ದುಡ್ಡು ಕೊಟ್ಟು ತರಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಮ್ಮ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಅದರಲ್ಲೇ ಆದ ಕಾರಣ ಇಲ್ಲಿ ಯಾರಿಗೂ ಅದು ಅಪರಿಚಿತ ಅಲ್ಲ. ಹಳೆ ಮಿಶಿನಿಗೆ ಭಾರ ಆಗಬಾರದು ಅಂತ ಎಕ್ಸ್‌ಎಫ್‌ಸಿಇ ಅನ್ನುವ ಹಗುರದ ಡೆಸ್ಕ್‌ಟಾಪು ಹಾಕಿದ್ದಾರೆ. ವಾಚನಾಲಯದ ಹೆಸರಿನಲ್ಲಿ ಒಂದೇ ಲಾಗಿನ್, ಒಂದೇ ಪಾಸ್‌ವರ್ಡು. ಸದಸ್ಯರ ಪಟ್ಟಿಯೂ ಅದರಲ್ಲೇ, ಅಕ್ಕನ ಹಾಡೂ ಅದರಲ್ಲೇ.

ಆ ದಿನ ಸಂಜೆ ನಾನು ಹಾಡುಗಳಿಗೆ ಹೆಸರು ಹಾಕುತ್ತ ಕೂತಿದ್ದೆ. ಮೊದಲು ಬರೀ ಒಂದು, ಎರಡು ಅಂತ ನಂಬರು ಇತ್ತು. ಯಾವ ಹಾಡು ಎಲ್ಲಿ ಅಂತ ಗೊತ್ತಾಗಬೇಕಲ್ಲ, ಹಾಗೆ ಒಂದೊಂದಕ್ಕೂ ಕನ್ನಡದಲ್ಲಿ ಹೆಸರು ಹೊಡೆದೆ. ತುಲಾ ತಿಂಗಳ ಗುಡುಗು ನಿಮಗೆ ಗೊತ್ತುಂಟು. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ನಾಲ್ಕು ಗಂಟೆಗೆ ಗುಡ್ಡದ ಹಿಂದಿನಿಂದ ಕಪ್ಪು ಎದ್ದು ಬರುತ್ತದೆ. ಗುಡುಗು ಹತ್ತಿರ ಬಂತು ಅಂತ ಕಂಡು, ಹೇಳಿಕೊಟ್ಟ ಹಾಗೆ ಲಾಗ್‌ಔಟ್ ಒತ್ತಿದೆ. ಅದು ಒಂದೊಂದೇ ಕಿಟಕಿ ಮುಚ್ಚಿಕೊಳ್ಳುವಷ್ಟರಲ್ಲಿ ಒಂದು ಸಿಡಿಲು ಹೊಡೆಯಿತು, ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಪರದೆ ಒಮ್ಮೆಲೇ ಕತ್ತಲೆ. ಪ್ಲಗ್ಗು ಎಳೆದು, ಬಾಗಿಲು ಹಾಕಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಯವರ ಫೋನು. "ಅಣ್ಣಾ, ನೀವು ನಿನ್ನೆ ಎಂತ ಮಾಡಿದ್ರಿ? ಪಾಸ್‌ವರ್ಡು ತಗೊಳ್ಳುದಿಲ್ಲ."

ಹೋಗಿ ನೋಡಿದೆ. ಕಂಪ್ಯೂಟರು ಶುರುವಾಗುತ್ತದೆ, ಹೆಸರು ಕಾಣುತ್ತದೆ, ಪಾಸ್‌ವರ್ಡು ಕೇಳುತ್ತದೆ. ಹೊಡೆದರೆ ಪರದೆ ಒಂದು ಕ್ಷಣ ಕಪ್ಪಾಗಿ, ಪುನಃ ಅದೇ ಪಾಸ್‌ವರ್ಡು ಕೇಳುವ ಜಾಗಕ್ಕೇ ಬಂದು ನಿಲ್ಲುತ್ತದೆ. ಹತ್ತು ಸಲ ಹೊಡೆದರೂ ಅದೇ ಕತೆ. ಒಬ್ಬರು ಕ್ಯಾಪ್ಸ್‌ಲಾಕ್ ನೋಡಿದರು. ಇನ್ನೊಬ್ಬರು, "ಇವರು ಕನ್ನಡದಲ್ಲಿ ಟೈಪ್ ಮಾಡಿ ಕೀಬೋರ್ಡನ್ನು ಕನ್ನಡದಲ್ಲೇ ಬಿಟ್ಟಿದ್ದಾರೆ, ಹಾಗೆ ಪಾಸ್‌ವರ್ಡು ತಪ್ಪು ಬೀಳುದು" ಅಂದರು. ಅದೂ ಆಗುವಂಥದ್ದೇ. ಆದರೆ ಮೂಲೆಯಲ್ಲಿ ನೋಡಿದರೆ ಕೀಬೋರ್ಡು ಇಂಗ್ಲಿಷಿನಲ್ಲೇ ಇತ್ತು. ಮೂರನೆಯವರು ನೇರ ಕೇಳಿಯೇ ಬಿಟ್ಟರು, "ನೀವು ಪಾಸ್‌ವರ್ಡು ಬದಲಿಸಿದ್ರಾ?"

ಬದಲಿಸಲಿಕ್ಕೆ ನನಗೆ ಬರುವುದಿಲ್ಲ ಅಂತ ಹೇಳಿದರೂ ಅವರ ಮುಖ ಸಮಾಧಾನ ಆಗಲಿಲ್ಲ. ಕೊನೆಗೆ ಮುಟ್ಟಿದವನು ನಾನೇ ಅಲ್ಲವಾ.

ಅಲ್ಲಿ ನನಗೆ ಒಂದು ಯೋಚನೆ ಬಂತು. ಬೇಕೆಂದೇ ತಪ್ಪು ಪಾಸ್‌ವರ್ಡು ಹೊಡೆದು ನೋಡಿದೆ. ಪರದೆ ಕಪ್ಪಾಗಲೇ ಇಲ್ಲ, ಪಾಸ್‌ವರ್ಡು ತಪ್ಪು ಅಂತ ಇಂಗ್ಲಿಷಿನಲ್ಲಿ ಒಂದು ಗೆರೆ ಬಂತು. ಸರಿಯಾದ್ದು ಹೊಡೆದೆ. ಬೈಗುಳ ಇಲ್ಲ, ಕಪ್ಪಾಗಿ ಹಿಂದೆ ಬಂತು. ಎರಡು ಸಲ ಎಲ್ಲರಿಗೂ ತೋರಿಸಿದೆ. "ನೋಡಿ ಮಾರಾಯ್ರೆ, ತಪ್ಪು ಹಾಕಿದ್ರೆ ಬೈತದೆ. ಸರಿ ಹಾಕಿದ್ರೆ ಬೈಯದೆ ವಾಪಾಸು ಕಳಿಸ್ತದೆ. ಅಂದ್ರೆ ಪಾಸ್‌ವರ್ಡು ಸರಿ ಉಂಟು. ಒಳಗೆ ಹೋಗ್ತದೆ, ಒಳಗೆ ಕೂರ್ಲಿಕ್ಕೆ ಆಗುದಿಲ್ಲ, ಹೊರಗೆ ಬರ್ತದೆ." ಯಾರೂ ಅದಕ್ಕೆ ದೊಡ್ಡ ಬೆಲೆ ಕೊಡಲಿಲ್ಲ. ಆದರೆ ಮುಂದೆ ನೋಡಿದರೆ ಇಡೀ ರಿಪೇರಿಗೆ ಮೊದಲ ಮೆಟ್ಟಿಲು ಅದೇ ಆಗಿತ್ತು.

ಪೇಟೆಯ ಕಂಪ್ಯೂಟರ್ ರಿಪೇರಿಯವರಿಗೆ ಫೋನು ಮಾಡಿದರು. ಅವರು ಅಲ್ಲಿಂದಲೇ, "ಫಾರ್ಮ್ಯಾಟ್ ಮಾಡಿ ಹೊಸತಾಗಿ ಹಾಕುವ, ಅರ್ಧ ದಿನದ ಕೆಲಸ" ಅಂದರು. ಫಾರ್ಮ್ಯಾಟ್ ಅಂದರೆ ಹಿಂದಿನದ್ದೆಲ್ಲ ಅಳಿಸಿ ಮೊದಲಿನಿಂದ ಶುರು. ಸದಸ್ಯರ ಪಟ್ಟಿ ಕಾಗದದಲ್ಲೂ ಇತ್ತು, ಅದರ ಚಿಂತೆ ಅವರಿಗೆ ಇರಲಿಲ್ಲ. ಅಕ್ಕನ ಹಾಡು ಕಾಗದದಲ್ಲಿ ಇರಲಿಲ್ಲ. ಸಮಿತಿಯವರು ಸೋಮವಾರ ತೆಗೆದುಕೊಂಡು ಹೋಗುವುದು ಅಂತ ತೀರ್ಮಾನ ಮಾಡಿದರು. ಅವರದ್ದೂ ತಪ್ಪಲ್ಲ, ಕೆಲಸ ನಿಂತಿತ್ತು. ನಾನು ಕೈ ಮುಗಿದು, "ಭಾನುವಾರ ರಾತ್ರಿಯವರೆಗೆ ಸಮಯ ಕೊಡಿ" ಅಂತ ಕೇಳಿಕೊಂಡೆ. ಕೊಟ್ಟರು.

ಮನೆಗೆ ಬಂದರೆ ಮನೆಯವಳು ಒಂದೇ ಮಾತು ಹೇಳಿದಳು. "ಸುರಂಗದ ನೀರು ನಿಂತಾಗ ನೀವು ಹೊಸ ಸುರಂಗ ತೋಡಿದ್ದಾ?"

ನಮ್ಮ ಕಡೆಯ ಓದುಗರಿಗೆ ಸುರಂಗ ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದು, ಒಳಗಿನ ಒರತೆಯನ್ನು ಹೊರಗೆ ಕೆರೆಗೆ ಬಿಡುವುದು. ನಮ್ಮ ತೋಟ ಬದುಕುವುದು ಅದರ ನೀರಿನಲ್ಲಿ. ಒಂದು ವರ್ಷ ನೀರು ಪೂರ್ತಿ ನಿಂತಿತ್ತು. ಒರತೆ ಬತ್ತಿತು, ಬೋರ್‌ವೆಲ್ ತೆಗೆಸಿ ಅಂತ ಎಲ್ಲರೂ ಹೇಳಿದರು. ಟಾರ್ಚು ಹಿಡಿದು ಒಳಗೆ ಹೋಗಿ ನೋಡಿದರೆ ಒಂದು ಕಡೆ ಮಾಡಿನ ಮಣ್ಣು ಜಾರಿ ಬಿದ್ದು ಅದರ ಹಿಂದೆ ನೀರು ಕಟ್ಟಿಕೊಂಡಿತ್ತು. ಎರಡು ದಿನ ಮಣ್ಣು ಹೊತ್ತು ಹಾಕಿದ ಮೇಲೆ ನೀರು ಮೊದಲಿನಂತೆ ಬಂತು. ಮನೆಯವಳು ಅದನ್ನು ನೆನಪಿಸಿದ್ದು.

ಆಚೆಮನೆಯ ಹುಡುಗಿ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಲಿಟ್ಲ್ ಕೈಟ್ಸ್ ಅಂತ ಮಕ್ಕಳ ಒಂದು ಕಂಪ್ಯೂಟರ್ ಕೂಟ ಉಂಟಲ್ಲ, 2018ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ ಶುರುವಾದದ್ದು, ಅದರಲ್ಲಿ ಅವಳು ಇದ್ದಾಳೆ. ಶನಿವಾರ ಅವಳನ್ನು ಕೇಳಿದೆ. "ಅಜ್ಜ, ನಾನು ರಿಪೇರಿ ಮಾಡ್ತೇನೆ ಅಂತ ಹೇಳುದಿಲ್ಲ. ನೋಡುವ. ಟೀಚರಿನ ಹತ್ತಿರ ಕೇಳಿಕೊಂಡು ಬರ್ತೇನೆ" ಅಂದಳು. ಆ ಮಾತು ನನಗೆ ಹಿಡಿಸಿತು. ಮಾಡ್ತೇನೆ ಅನ್ನುವವರಿಗಿಂತ ನೋಡುವ ಅನ್ನುವವರ ಮೇಲೆ ನನಗೆ ಹೆಚ್ಚು ನಂಬಿಕೆ.

ಭಾನುವಾರ ಬೆಳಿಗ್ಗೆ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು. ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತೆ. ತಪ್ಪು ಪಾಸ್‌ವರ್ಡಿನ ನನ್ನ ಪ್ರಯೋಗ ಹೇಳಿದಾಗ ಅವಳು ನೋಟ್‌ಬುಕ್ಕಿನ ಮೊದಲ ಗೆರೆಗೆ ಸರಿ ಅಂತ ಗುರುತು ಹಾಕಿದಳು. "ಇದು ನೀವು ಮಾಡಿ ಆಯ್ತು ಅಜ್ಜ."

ಮತ್ತೆ ಕಂಟ್ರೋಲ್, ಆಲ್ಟ್, ಎಫ್ 3 ಮೂರನ್ನೂ ಒಟ್ಟಿಗೆ ಒತ್ತಿದಳು. ಚಿತ್ರ ಎಲ್ಲ ಮಾಯವಾಗಿ ಬರೀ ಕಪ್ಪು ಪರದೆ, ಬಿಳಿ ಅಕ್ಷರ. ಡೆಸ್ಕ್‌ಟಾಪಿನ ಅಲಂಕಾರ ಇಲ್ಲದೆ ಲಿನಕ್ಸಿನ ಒಳಗೆ ಹೋಗುವ ಹಿಂದಿನ ಬಾಗಿಲು ಅದು ಅಂತ ಹೇಳಿದಳು. ಅಲ್ಲೂ ಹೆಸರು, ಪಾಸ್‌ವರ್ಡು ಕೇಳಿತು. ಪಾಸ್‌ವರ್ಡು ಹೊಡೆಯುವಾಗ ಅಲ್ಲಿ ನಕ್ಷತ್ರ ಕೂಡ ಬೀಳುವುದಿಲ್ಲ, ಏನೂ ಆಗಲಿಲ್ಲ ಅಂತ ಹೆದರಬಾರದು. ಒತ್ತಿದ ಕೂಡಲೇ ಒಳಗೆ ಬಿಟ್ಟಿತು! ಪಾಸ್‌ವರ್ಡು ಸರಿ ಅನ್ನುವುದಕ್ಕೆ ಇನ್ನು ಬೇರೆ ಸಾಕ್ಷಿ ಬೇಡ. ಕಾರ್ಯದರ್ಶಿಯವರು ಹಿಂದೆಯೇ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ.

"ಹಾಡು ಉಂಟಾ ನೋಡು ಮಗಾ" ಅಂದೆ. ಅವಳು ಹಾಡಿನ ಕಪಾಟಿಗೆ, ಅದನ್ನು ಅವರು ಫೋಲ್ಡರ್ ಅನ್ನುತ್ತಾರೆ, ಹೋಗಿ ಪಟ್ಟಿ ಕೇಳಿದಳು. ಬಂದದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ನಾನು ಕೂತು ಕೂತು ಕನ್ನಡದಲ್ಲಿ ಹೊಡೆದ ಹೆಸರು ಒಂದೂ ಇರಲಿಲ್ಲ. ಹೆಸರು ಇದ್ದಲ್ಲೆಲ್ಲ ಸಾಲುಸಾಲಾಗಿ ಚೌಕ ಚೌಕ. ಸಿಡಿಲಿಗೆ ಹಾಡೆಲ್ಲ ಸುಟ್ಟು ಹೋಯಿತು ಅಂತ ನಾನು ತಿಳಿದುಕೊಂಡೆ.

"ಇಲ್ಲ ಅಜ್ಜ, ಹಾಡಿಗೆ ಎಂತ ಆಗ್ಲಿಲ್ಲ. ಈ ಕಪ್ಪು ಪರದೆಗೆ ಕನ್ನಡ ಬರುದಿಲ್ಲ. ಮಲೆಯಾಳವೂ ಬರುದಿಲ್ಲ."

ಆಮೇಲೆ ವಿವರಿಸಿದಳು. ಆ ಪರದೆಯ ಅಕ್ಷರ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಆಕಾರಕ್ಕೆ ಮಾತ್ರ ಜಾಗ. ನಮ್ಮ ಕಾಗುಣಿತ, ಒತ್ತಕ್ಷರ ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ಗೊತ್ತಿಲ್ಲದ ಅಕ್ಷರ ಬಂದಲ್ಲಿ ಚೌಕ ಹಾಕುತ್ತದೆ. ಹೆಸರು ಒಳಗೆ ಸರಿಯಾಗಿಯೇ ಇರುತ್ತದೆ, ತೋರಿಸಲಿಕ್ಕೆ ಮಾತ್ರ ಆಗುವುದಿಲ್ಲ. ಕಡತದ ಗಾತ್ರ ತೋರಿಸಿದಳು. 58 ಎಂಬಿ, 64 ಎಂಬಿ, 71 ಎಂಬಿ. ಎಣಿಸಿದೆವು, 43 ಇತ್ತು. ಕನ್ನಡ ತೋರಿಸಲಿಕ್ಕೆ ಬಾರದ ಜಾಗ ಅಂದರೆ ಅಲ್ಲಿ ಕನ್ನಡ ಇಲ್ಲ ಅಂತ ಅಲ್ಲ. ಗಡಿಯ ಈಚೆ ಇರುವ ನಮಗೆ ಅದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಆ ಹೊತ್ತಿಗೆ ನನಗೆ ಮರೆತುಹೋಗಿತ್ತು.

ರಿಪೇರಿ ಮೊದಲಾ, ನಕಲು ಮೊದಲಾ ಅಂತ ಕೇಳಿದ್ದಕ್ಕೆ, "ಟೀಚರು ನಕಲು ಮೊದಲು ಅಂತ ಹೇಳಿದ್ದಾರೆ" ಅಂದಳು. ನನ್ನ ಮಗ ತಂದ 8 ಜಿಬಿಯ ಪೆನ್‌ಡ್ರೈವು ಸಿಕ್ಕಿಸಿ, ಕಪ್ಪು ಪರದೆಯಲ್ಲೇ ಅದನ್ನು ಜೋಡಿಸಿ, ಎಲ್ಲ ಹಾಡನ್ನೂ ಅದಕ್ಕೆ ತುಂಬಿಸಿದಳು. ಸುಮಾರು ಹತ್ತು ನಿಮಿಷ ಹಿಡಿಯಿತು. ಪೆನ್‌ಡ್ರೈವು ಎಳೆದು ಜೇಬಿಗೆ ಹಾಕಿದ ಮೇಲೆ ನಾನು ಚಾ ಕುಡಿದೆ. ಇನ್ನು ಫಾರ್ಮ್ಯಾಟ್ ಮಾಡಿದರೂ ಮಾಡಲಿ ಅನ್ನುವ ಧೈರ್ಯ ಬಂತು. ಆದರೆ ಕಾರಣ ಗೊತ್ತಾಗದೆ ಬಿಡಲಿಕ್ಕೆ ಈಗ ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ.

ಅವಳು ಒಂದೊಂದೇ ಕಾರಣ ಹಿಡಿದು, ಹೌದಾ ಅಲ್ಲವಾ ಅಂತ ನೋಡುತ್ತ ಹೋದಳು.

ಮೊದಲನೆಯದು, ಡಿಸ್ಕಿನಲ್ಲಿ ಜಾಗ. ಲಾಗಿನ್ ಆಗುವಾಗ ಕಂಪ್ಯೂಟರು ಒಂದೆರಡು ಸಣ್ಣ ಚೀಟಿ ಬರೆದುಕೊಳ್ಳಬೇಕು. ಡಿಸ್ಕು ತುಂಬಿದ್ದರೆ ಚೀಟಿ ಬರೆಯಲಿಕ್ಕೆ ಜಾಗ ಇಲ್ಲದೆ ಹೊರಗೆ ತಳ್ಳುತ್ತದೆ. ಡಿ, ಎಫ್, ಒಂದು ಜಾಗ ಬಿಟ್ಟು ಅಡ್ಡಗೆರೆ, ಎಚ್ ಅಂತ ಹೊಡೆದರೆ ಲೆಕ್ಕ ಬರುತ್ತದೆ. 100 ಶೇಕಡಾ ಅಂತ ಇದ್ದರೆ ಕಳ್ಳ ಅಲ್ಲೇ ಸಿಕ್ಕಿದ. ನಮ್ಮದು 61 ಇತ್ತು. ಅಲ್ಲ.

ಎರಡನೆಯದು, ಎಕ್ಸ್‌ಅಥಾರಿಟಿ ಅನ್ನುವ ಅಡಗಿದ ಕಡತ. ಪರದೆಯ ಮೇಲೆ ಚಿತ್ರ ಬಿಡಿಸಲಿಕ್ಕೆ ಕೊಡುವ ಪರವಾನಗಿ ಚೀಟಿ ಅದು. ಅದು ನಮ್ಮ ಹೆಸರಿನಲ್ಲಿ ಇರಬೇಕು. ಯಾರಾದರೂ ರೂಟ್ ಅನ್ನುವ ಯಜಮಾನನ ಅಧಿಕಾರದಲ್ಲಿ ಏನಾದರೂ ಮಾಡಿ, ಚೀಟಿ ರೂಟಿನ ಹೆಸರಿಗೆ ಹೋಗಿದ್ದರೆ ಮನೆಯವರಿಗೇ ಒಳಗೆ ಹೋಗಲಿಕ್ಕೆ ಆಗುವುದಿಲ್ಲ. ನೋಡಿದೆವು. ನಮ್ಮ ಹೆಸರಿನಲ್ಲೇ ಇತ್ತು. ಅದೂ ಅಲ್ಲ.

ಮೂರನೆಯದನ್ನು ನೋಡಿ ನನಗೆ ಅವಳ ಟೀಚರಿನ ಮೇಲೆ ಗೌರವ ಬಂತು. ಕಪ್ಪು ಪರದೆಯಲ್ಲೇ ಹೊಸ ಹೆಸರಿನಲ್ಲಿ ಒಬ್ಬ ಬಳಕೆದಾರನನ್ನು ಹುಟ್ಟಿಸಿದಳು. ಕಂಟ್ರೋಲ್, ಆಲ್ಟ್, ಎಫ್ 7 ಒತ್ತಿ ಚಿತ್ರದ ಪರದೆಗೆ ಬಂದು ಆ ಹೊಸ ಹೆಸರಿನಲ್ಲಿ ಲಾಗಿನ್ ಮಾಡಿದಳು. ಮಾಡಿದ ಕೂಡಲೇ ಡೆಸ್ಕ್‌ಟಾಪು ಬಂದು ನಿಂತಿತು! ಅಂದರೆ ಮಿಶಿನು ಸರಿ, ಲಿನಕ್ಸ್ ಸರಿ, ಪರದೆ ಸರಿ. ತೊಂದರೆ ಇರುವುದು ಹಳೆ ಬಳಕೆದಾರನ ಮನೆಯ ಒಳಗೆ, ಅವನ ಸ್ವಂತ ಕಡತಗಳಲ್ಲಿ. ತೋಟದಲ್ಲಿ ಒಂದೇ ಸಾಲಿನ ಕಂಗು ಹಳದಿ ಆದರೆ ನಾವು ಇಡೀ ತೋಟದ ಮಣ್ಣನ್ನು ದೂರುವುದಿಲ್ಲ, ಆ ಸಾಲಿನ ಬುಡ ಕೆದಕಿ ನೋಡುತ್ತೇವೆ. ಹಾಗೆಯೇ.

ಪುನಃ ಕಪ್ಪು ಪರದೆ. ಹಳೆ ಬಳಕೆದಾರನ ಮನೆಯಲ್ಲಿ ಅಡಗಿದ ಕಪಾಟುಗಳ ಪಟ್ಟಿ ತೆಗೆದಳು. ಹೆಸರಿನ ಮುಂದೆ ಒಂದು ಚುಕ್ಕಿ ಇದ್ದರೆ ಲಿನಕ್ಸಿನಲ್ಲಿ ಅದು ಅಡಗಿದ್ದು. ಅದರಲ್ಲಿ ಮೂರು ಮುಖ್ಯ. ಚುಕ್ಕಿ ಕ್ಯಾಶ್, ಚುಕ್ಕಿ ಕಾನ್ಫಿಗ್, ಚುಕ್ಕಿ ಲೋಕಲ್.

ಕ್ಯಾಶ್ ಅಂದರೆ ದುಡ್ಡಲ್ಲ. ದೂರದಿಂದ ತರಬೇಕಾದ್ದನ್ನೋ, ಹೊತ್ತು ತೆಗೆದುಕೊಂಡು ಮಾಡಬೇಕಾದ್ದನ್ನೋ ಒಮ್ಮೆ ತಂದು ಹತ್ತಿರ ಇಟ್ಟುಕೊಳ್ಳುವುದು. ಅಡಿಕೆಯ ರೇಟು ದಿನಾ ಪೇಟೆಗೆ ಫೋನು ಮಾಡಿ ಕೇಳುವ ಬದಲು ನಿನ್ನೆ ಕೇಳಿದ್ದನ್ನು ಗೋಡೆಯಲ್ಲಿ ಬರೆದಿಟ್ಟುಕೊಂಡ ಹಾಗೆ. ಕೆಲಸ ಬೇಗ ಆಗುತ್ತದೆ. ಆದರೆ ರೇಟು ಬದಲಾದದ್ದು ಗೊತ್ತಿಲ್ಲದೆ ಗೋಡೆಯದ್ದನ್ನೇ ನಂಬಿ ಮಾರಿದರೆ ಲುಕ್ಸಾನು. ಗೋಡೆಯ ಬರಹವನ್ನು ಒರೆಸಿದರೆ ನಷ್ಟ ಇಲ್ಲ, ಪುನಃ ಫೋನು ಮಾಡಿದರಾಯಿತು. ಹಾಗೆ ಕ್ಯಾಶ್ ಕಪಾಟಿನಲ್ಲಿ ಇರುವುದನ್ನು ತೆಗೆದರೆ ಕಂಪ್ಯೂಟರು ಅದನ್ನು ತಾನೇ ಪುನಃ ಮಾಡಿಕೊಳ್ಳುತ್ತದೆ. ಕಾನ್ಫಿಗ್ ಕಪಾಟಿನಲ್ಲಿ ಇರುವುದು ನಾವು ಮಾಡಿಟ್ಟ ಏರ್ಪಾಡು, ಅಕ್ಷರದ ಗಾತ್ರ, ಪರದೆಯ ಚಿತ್ರ ಇಂಥದ್ದು. ತೆಗೆದರೆ ಎಲ್ಲ ಹೊಸತಾಗಿ ಹೊಂದಿಸಬೇಕು. ಲೋಕಲ್ ಕಪಾಟಿನಲ್ಲಿ ಕಾರ್ಯಕ್ರಮಗಳು ಇಟ್ಟ ನಿಜವಾದ ಸಾಮಾನು ಇರುತ್ತದೆ. ಅದನ್ನು ತೆಗೆದರೆ ಹೋದದ್ದೇ. ಯಾವುದು ಪುನಃ ಹುಟ್ಟುತ್ತದೆ, ಯಾವುದು ಹುಟ್ಟುವುದಿಲ್ಲ ಅಂತ ಗೊತ್ತಿಲ್ಲದೆ ಕೈ ಹಾಕಬಾರದು.

ಅವಳು ಕ್ಯಾಶನ್ನೂ ಅಳಿಸಲಿಲ್ಲ. ಹೆಸರು ಮಾತ್ರ ಬದಲಿಸಿ ಹಳೆ ಕ್ಯಾಶ್ ಅಂತ ಮಾಡಿದಳು. "ನಾವು ತಿಳ್ಕೊಂಡದ್ದು ತಪ್ಪಾದ್ರೆ ಹೆಸರು ಮೊದಲಿನ ಹಾಗೆ ಮಾಡಿದ್ರಾಯ್ತು. ಅಳಿಸಿದ್ರೆ ವಾಪಾಸು ಬರುದಿಲ್ಲ ಅಲ್ವಾ ಅಜ್ಜ?" ಹದಿನಾಲ್ಕು ವರ್ಷದ ಮಗು ಹೇಳಿದ ಮಾತು ಇದು. ಪೇಟೆಯ ಅಂಗಡಿಯಿಂದ ನಮಗೆ ಬಂದ ಸಲಹೆಯಲ್ಲಿ ಇದು ಇರಲಿಲ್ಲ.

ಎಫ್ 7 ಒತ್ತಿ, ವಾಚನಾಲಯದ ಹೆಸರಿನಲ್ಲಿ ಪಾಸ್‌ವರ್ಡು ಹೊಡೆದಳು. ಪರದೆ ಕಪ್ಪಾಯಿತು. ನಾನು ಉಸಿರು ಹಿಡಿದೆ. ಮತ್ತೆ ನಮ್ಮ ಡೆಸ್ಕ್‌ಟಾಪು ಬಂತು, ಗೋವಿಂದ ಪೈಗಳ ಚಿತ್ರ ಹಿಂದಿನಂತೆಯೇ ಇತ್ತು. ಹಾಡಿನ ಫೋಲ್ಡರ್ ತೆರೆದರೆ ಚೌಕ ಇಲ್ಲ, ನನ್ನ ಕನ್ನಡ ಹೆಸರು ಸಾಲಾಗಿ ಕೂತಿತ್ತು.

ಅಷ್ಟಕ್ಕೆ ಬಿಟ್ಟು ಏಳುವವಳಲ್ಲ ಅವಳು. ಹಳೆ ಕ್ಯಾಶಿನ ಒಳಗೆ ಸೆಶನ್ಸ್ ಅಂತ ಒಂದು ಸಣ್ಣ ಕಪಾಟು ಇತ್ತು. ಲಾಗ್‌ಔಟ್ ಆಗುವಾಗ ಯಾವ ಯಾವ ಕಿಟಕಿ ತೆರೆದಿತ್ತು ಅಂತ ಎಕ್ಸ್‌ಎಫ್‌ಸಿಇ ಅಲ್ಲಿ ಬರೆದಿಡುತ್ತದೆ, ಮುಂದಿನ ಸಲ ಅದನ್ನು ನೋಡಿ ಹಾಗೆಯೇ ತೆರೆದುಕೊಡಲಿಕ್ಕೆ. ನಮ್ಮದರಲ್ಲಿ ಹಾಗೆ ನೆನಪಿಟ್ಟುಕೊಳ್ಳುವ ಗುರುತು ಯಾರೋ ಹಾಕಿಟ್ಟಿದ್ದರು. ಆ ಕಡತದ ತಾರೀಕು, ಹೊತ್ತು ನೋಡಿದರೆ ಗುಡುಗಿನ ಸಂಜೆಯದ್ದೇ. ಅದನ್ನು ಮಾತ್ರ ಹೊಸ ಕ್ಯಾಶಿನ ಒಳಗೆ ತಂದು ಇಟ್ಟು ಲಾಗಿನ್ ಮಾಡಿದಳು. ಕಪ್ಪಾಗಿ ಹೊರಗೆ ಬಂತು. ತೆಗೆದು ಮಾಡಿದಳು. ಒಳಗೆ ಹೋಯಿತು. ಇನ್ನೊಮ್ಮೆ ಇಟ್ಟಳು, ಹೊರಗೆ. ತೆಗೆದಳು, ಒಳಗೆ. ಈಗ ಸಂಶಯ ಇಲ್ಲ. ಕಂಪ್ಯೂಟರು ಆ ಚೀಟಿ ಬರೆಯುತ್ತಿದ್ದಾಗಲೇ ಕರೆಂಟು ಹೋಗಿತ್ತು. ಅರ್ಧ ಬರೆದ ಚೀಟಿಯನ್ನು ನಂಬಿ, ಇಲ್ಲದ ಕಿಟಕಿ ತೆರೆಯಲಿಕ್ಕೆ ಹೋಗಿ, ಪ್ರತಿ ಸಲ ಮುಗ್ಗರಿಸಿ ಬೀಳುತ್ತಿತ್ತು. ಕ್ರಮ ಪ್ರಕಾರ ಲಾಗ್‌ಔಟ್ ಒತ್ತಿದ್ದಕ್ಕೇ ಹೀಗಾಯಿತು. ಸಿಡಿಲು ಒಂದು ನಿಮಿಷ ಮೊದಲು ಬಂದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ.

ಕಾರ್ಯದರ್ಶಿಯವರು ಎಲ್ಲ ನೋಡಿದರು. ಕ್ಷಮೆ ಗಿಮೆ ನಮ್ಮಲ್ಲಿ ಬಾಯಿಬಿಟ್ಟು ಕೇಳುವ ಕ್ರಮ ಇಲ್ಲ. "ಅಣ್ಣಾ, ಯುಪಿಎಸ್ಸಿಗೆ ಬ್ಯಾಟರಿ ಈ ವಾರ ಹಾಕಿಸುವ" ಅಂದರು. ನನಗೆ ಅಷ್ಟು ಸಾಕಾಯಿತು.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಈ ಲೇಖನ ಪೂರ್ತಿ ಆಗುವುದಿಲ್ಲ.

ಆ ರಾತ್ರಿ ಮಗನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವು ಹಾಕಿ ಅಕ್ಕನ ಹಾಡು ಕೇಳುತ್ತ ಕೂತೆ. ಅಕ್ಕ ಹೋದ ಮೇಲೆ ನಾನು ಅದನ್ನು ಕೇಳಿಯೇ ಇರಲಿಲ್ಲ, ಹೆಸರು ಹಾಕುವಾಗಲೂ ಮೊದಲ ಸೊಲ್ಲು ಮಾತ್ರ ಕೇಳಿ ನಿಲ್ಲಿಸುತ್ತಿದ್ದೆ. ಹೆಣ್ಣು ಒಪ್ಪಿಸಿಕೊಡುವ ಶೋಭಾನೆ ಒಂದುಂಟು. ಅದರಲ್ಲಿ ಅಪ್ಪನ ಮಾತಿನ ನಂತರ ನೇರ ಅಮ್ಮನ ಮಾತಿಗೆ ಹೋಗುವುದು ನನ್ನ ಕ್ರಮ. ನಡುವೆ ಸೋದರಮಾವನ ಮಾತು ಉಂಟು ಅಂತ ಅಕ್ಕ ಹೇಳುತ್ತಿದ್ದಳು. "ನಿನಗೆ ಮರೆತಿದೆ ಅಕ್ಕ, ಅದು ಬೇರೆ ಹಾಡಿನದ್ದು" ಅಂತ ನಾನು ವಾದ ಮಾಡಿದ್ದೆ. ರೆಕಾರ್ಡಿಂಗಿನ ದಿನ ಅಕ್ಕ ನನ್ನ ಮಾತು ಒಪ್ಪಿ ನನ್ನ ಕ್ರಮದಲ್ಲೇ ಹಾಡಿದಳು, ಇದು ನನ್ನ ನೆನಪು. ಎರಡು ವರ್ಷದಿಂದ ಮದುವೆ ಮನೆಗಳಲ್ಲಿ ಹಾಗೆಯೇ ಹಾಡಿದ್ದೇನೆ, ಕೇಳಿದವರಿಗೆ ಅಕ್ಕನೂ ಇದನ್ನೇ ಹೇಳುತ್ತಿದ್ದಳು ಅಂತಲೂ ಹೇಳಿದ್ದೇನೆ.

ಕಡತದಲ್ಲಿ ಇದ್ದದ್ದು ಬೇರೆ. ಅಕ್ಕ ನನ್ನ ಕ್ರಮದಲ್ಲೇ ಶುರು ಮಾಡಿದ್ದಾಳೆ. ಅಮ್ಮನ ಮಾತಿನ ಎರಡು ಗೆರೆ ಹಾಡಿ ನಿಲ್ಲಿಸಿದ್ದಾಳೆ. ಉಸಿರು ಎಳೆಯುವ ಸದ್ದು ಕೇಳುತ್ತದೆ. ಮತ್ತೆ ಅವಳ ಸ್ವರ, "ಹಾಗಲ್ಲ ತಮ್ಮ. ಮಾವನನ್ನು ಬಿಟ್ಟು ಹೆಣ್ಣು ಹೇಗೆ ಹೋಗ್ತದೆ?" ಅಂತ. ಅಲ್ಲಿಂದ ಹಿಂದೆ ಹೋಗಿ, ಸೋದರಮಾವನ ಮಾತು ಎಂಟು ಗೆರೆ ಪೂರ್ತಿ ಹಾಡಿ ಮುಂದೆ ಹೋಗಿದ್ದಾಳೆ. ನನ್ನ ಸ್ವರವೂ ಅದರಲ್ಲಿ ಉಂಟು. "ಆಯ್ತು ಆಯ್ತು" ಅಂತ ಹೇಳಿದ್ದೇನೆ. ಎದುರಿಗೆ ಕೂತು ಕೇಳಿದವನು ನಾನೇ. ಆದರೂ ನಾನು ಗೆದ್ದ ಹಾಗೆ ಒಂದು ಚೀಟಿ ತಲೆಯಲ್ಲಿ ಬರೆದಿಟ್ಟುಕೊಂಡು, ಎರಡು ವರ್ಷ ಅದನ್ನೇ ನಂಬಿ ಹಾಡಿದೆ. ಸೋಮವಾರ ಆ ಕಂಪ್ಯೂಟರು ಪೇಟೆಗೆ ಹೋಗಿ ಬಂದಿದ್ದರೆ, ನನ್ನ ತಪ್ಪೇ ಅಕ್ಕನ ಹೆಸರಿನಲ್ಲಿ ಉಳಿಯುತ್ತಿತ್ತು. ಸರಿ ಮಾಡಲಿಕ್ಕೆ ಎಲ್ಲೂ ಮೂಲ ಇರುತ್ತಿರಲಿಲ್ಲ.

ಈಗ ಆ ಎಂಟು ಗೆರೆ ಕಲಿತಿದ್ದೇನೆ. ಧನು ತಿಂಗಳ ಮೊದಲೇ ಒಂದು ಮದುವೆಯಲ್ಲಿ ಹಾಡಿದೆ. ಹಿಂದೆ ತಪ್ಪು ಹಾಡಿದ ಮನೆಗಳ ಪೈಕಿ ಎರಡು ಮನೆಗೆ ಹೋಗಿ ಹೇಳಿಯೂ ಬಂದೆ. ಅವರು ನಕ್ಕರು. ನಗಲಿ.

ನಮ್ಮ ಕಡೆಯ ಶಾಲೆಗಳಲ್ಲಿ ಲಿನಕ್ಸ್ ಇರುವ ಕಾರಣ ಮಾಸ್ಟ್ರುಗಳಿಗೆ, ಟೀಚರುಗಳಿಗೆ ಪ್ರಯೋಜನ ಆಗಲಿ ಅಂತ ಹುಡುಗಿಯ ನೋಟ್‌ಬುಕ್ಕಿನ ಕ್ರಮವನ್ನು ಕೊನೆಗೆ ಒಮ್ಮೆ ಒಟ್ಟು ಮಾಡಿ ಬರೆಯುತ್ತೇನೆ. ಪಾಸ್‌ವರ್ಡು ಹೊಡೆದಾಗ ಬೈಗುಳ ಬರುತ್ತದಾ, ಬರೀ ಹಿಂದೆ ಕಳಿಸುತ್ತದಾ ನೋಡಿ. ಹಿಂದೆ ಕಳಿಸುವುದಾದರೆ ಕಂಟ್ರೋಲ್, ಆಲ್ಟ್, ಎಫ್ 3ರಲ್ಲಿ ಒಳಗೆ ಹೋಗಿ. ಮುಖ್ಯವಾದ ಕಡತ ಬೇರೆ ಕಡೆಗೆ ನಕಲು ಮಾಡಿ. ಡಿಸ್ಕು ತುಂಬಿದೆಯಾ ನೋಡಿ. ಎಕ್ಸ್‌ಅಥಾರಿಟಿ ಯಾರ ಹೆಸರಿನಲ್ಲಿ ಉಂಟು ನೋಡಿ. ಹೊಸ ಬಳಕೆದಾರನನ್ನು ಮಾಡಿ, ಅವನಿಗೆ ಲಾಗಿನ್ ಆಗುತ್ತದಾ ನೋಡಿ. ಅವನಿಗೆ ಆಗಿ ನಿಮಗೆ ಆಗದಿದ್ದರೆ ಕ್ಯಾಶ್ ಕಪಾಟಿನ ಹೆಸರು ಬದಲಿಸಿ. ಅಳಿಸಬೇಡಿ, ಬದಲಿಸಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಆಯಿತು ಅಂತ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಆಗದಿದ್ದರೆ ಮಾತ್ರ ಫಾರ್ಮ್ಯಾಟ್.

ಅಕ್ಕನ ಹಾಡು ಈಗ ಮೂರು ಕಡೆ ಉಂಟು. ಒಂದು ವಾಚನಾಲಯದಲ್ಲಿ, ಒಂದು ನಮ್ಮ ಮನೆಯ ಅಕ್ಕಿ ಪತ್ತಾಯದ ಮೇಲಿನ ಡಬ್ಬಿಯಲ್ಲಿ, ಒಂದು ಆಚೆಮನೆಯ ಹುಡುಗಿಯ ಹತ್ತಿರ. ಕೊಡುವಾಗ ಅವಳು, "ಅಜ್ಜ, ಇದರಲ್ಲಿ ಒಂದು ನನಗೆ ಕಲಿಸ್ತೀರಾ?" ಅಂತ ಕೇಳಿದಳು. ಭಾನುವಾರ ಭಾನುವಾರ ಬರುತ್ತಾಳೆ. ಸೋದರಮಾವನ ಮಾತಿನಿಂದಲೇ ಶುರು ಮಾಡಿದ್ದೇವೆ.